ಪ್ರಶ್ನೋತ್ತರ: ಎದುರಿಗಿದ್ದವರನ್ನು ಬಿಟ್ಟು ಪಕ್ಕದವರನ್ನು ಕೇಳುವ ನಾವು

ಆಟಿಸಂ (ಇತರರೊಂದಿಗೆ ಬೆರೆಯುವ, ಮಾತನಾಡುವ, ಸುತ್ತಲನ್ನು ಗ್ರಹಿಸುವ ಬಗೆ ಬಾಲ್ಯದಿಂದಲೇ ಬೇರೆಯಾಗಿರುವ ಸ್ಥಿತಿ), ಬೌದ್ಧಿಕ ವಿಕಲತೆ, ಕಲಿಕೆಯ ತೊಂದರೆ ಇರುವವರನ್ನು ನಮ್ಮ ಜನ ಹೇಗೆ ಕಾಣುತ್ತಾರೆ ಎಂಬುದರ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಬಹುದು ಎಂದು ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಕೋರಲಾಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ತಾಯಂದಿರವು. ಅಕ್ಕ, ಅಜ್ಜಿ, ನೆರೆಯವರು, ಶಿಕ್ಷಕರು ಕೂಡ ಬರೆದಿದ್ದಾರೆ. ಆದರೆ ಆ ಸ್ಥಿತಿಯಲ್ಲಿರುವವರೇ ಬರೆದ ಪತ್ರ ಒಂದೇ ಒಂದು. ಉತ್ತರಗಳನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಲಿ. ಬರೆದವರ ಊರನ್ನು ಮಾತ್ರ ಉಳಿಸಿ, ಹೆಸರುಗಳನ್ನು ಕೈಬಿಡಲಾಗಿದೆ. ಉತ್ತರಿಸುತ್ತಿರುವ ನಾನು ಧಾರವಾಡದಲ್ಲಿ 26 ವರ್ಷ ವಿಶೇಷ ಶಿಕ್ಷಕಿಯಾಗಿದ್ದವಳು. ವೈದ್ಯೆಯೂ ಅಲ್ಲ, ವಕೀಲೆಯೂ ಅಲ್ಲ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇದೆಯೆಂದು ಮೂರು ವರ್ಷದ ಹಿಂದೆ ತಿಳಿಯಿತು. ಕಳೆದ ತಿಂಗಳು ನಾದಿನಿಯ ಮದುವೆಯಲ್ಲಿ ಗಟ್ಟಿಮೇಳ ಶುರುವಾದ ಕೂಡಲೇ ಅವನು ಕಿವಿ ಮುಚ್ಚಿಕೊಂಡು ಚೀರಿ, ನೆಲದ ಮೇಲೆ ಬಿದ್ದು ಹೊರಳಾಡಿದ. “ಒಂದು ಬಿಗಿದರೆ ಸರಿಹೋಗುತ್ತಾನೆ” ಎಂದು ಹಿರಿಯರೊಬ್ಬರು ಹೇಳಿದರು. “ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೆಯಾ?” ಎಂದು ಇನ್ನೊಬ್ಬರು ಕೇಳಿದರು. ಮುಂದಿನ ಸಮಾರಂಭಗಳಿಗೆ ಅವನನ್ನು ಕರೆತರುವುದು ಬೇಡವೆಂದು ಅತ್ತೆಯವರು ಈಗ ಹೇಳುತ್ತಿದ್ದಾರೆ. ನಾನು ಏನು ಮಾಡಲಿ? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಮೊದಲು ಗ್ರಹಣದ ಮಾತನ್ನು ಮುಗಿಸಿಬಿಡೋಣ. ಗ್ರಹಣ ನೋಡಿದ್ದರಿಂದ ಆಟಿಸಂ ಬರುವುದಿಲ್ಲ. ನೀವು ಬಸುರಿನಲ್ಲಿ ಅತ್ತಿದ್ದರಿಂದಲೋ ಕೆಲಸಕ್ಕೆ ಹೋಗಿದ್ದರಿಂದಲೋ ಬರುವುದಿಲ್ಲ. ಅದರ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ, ಮೆದುಳು ಬೆಳೆಯುವ ಬಗೆಯಲ್ಲಿದೆ. ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಚಾಳಿ ನಮ್ಮ ಹಳ್ಳಿಗಳದ್ದು ಮಾತ್ರವೆಂದು ತಿಳಿಯಬೇಡಿ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ವಿವರ ಕೊಟ್ಟು ಆಟಿಸಂ ಬಗ್ಗೆ ಬರೆದ ಮೇಲೆ, ಎರಡು ಮೂರು ದಶಕಗಳ ಕಾಲ ಅಲ್ಲಿಯ ದೊಡ್ಡ ದೊಡ್ಡ ತಜ್ಞರೇ ತಾಯಿಯ ಮನಸ್ಸು ಮಂಜುಗಡ್ಡೆಯಂತೆ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂದು ಹೇಳುತ್ತಿದ್ದರು. ಅದು ಸುಳ್ಳೆಂದು ಸಾಬೀತಾಯಿತು. ಆಮೇಲೆ 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ, ದಡಾರ, ಮಂಗನಬಾವು, ರುಬೆಲ್ಲಾಗಳ ವಿರುದ್ಧ ಕೊಡುವ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ. ಆ ಪ್ರಬಂಧವನ್ನು ಪ್ರಕಟಿಸಿದ್ದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂಪಡೆಯಿತು, ಆತನ ವೈದ್ಯಕೀಯ ನೋಂದಣಿಯೂ ಅದೇ ವರ್ಷ ರದ್ದಾಯಿತು. ಆದರೂ ಲಸಿಕೆ ಹಾಕಿಸಿದ್ದಕ್ಕೆ ತನ್ನನ್ನು ತಾನೇ ಶಪಿಸಿಕೊಳ್ಳುವ ತಾಯಂದಿರನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ಗ್ರಹಣ, ಲಸಿಕೆ, ಮೊಬೈಲು: ಕಾರಣ ಬದಲಾಗುತ್ತದೆ, ಆರೋಪಿ ಮಾತ್ರ ಅವಳೇ.

ಇನ್ನು ಗಟ್ಟಿಮೇಳದ ವಿಷಯ. ಆಟಿಸಂ ಇರುವ ಹಲವರಿಗೆ ಶಬ್ದ, ಬೆಳಕು, ಸ್ಪರ್ಶ, ವಾಸನೆಗಳು ನಮಗಿಂತ ಎಷ್ಟೋ ಪಟ್ಟು ತೀವ್ರವಾಗಿ ತಟ್ಟುತ್ತವೆ. ಡೋಲು ಮತ್ತು ನಾಗಸ್ವರ ಒಟ್ಟಿಗೆ ಏರಿದಾಗ ನಮಗೆ ಮಂಗಳಕರವೆನಿಸುವ ಸದ್ದು, ನಿಮ್ಮ ಮಗನಿಗೆ ಕಿವಿಯೊಳಗೆ ಸೂಜಿ ಚುಚ್ಚಿದಂತೆ ಆಗಿರಬಹುದು. ಅವನು ಮಾಡಿದ್ದು ಹಟವಲ್ಲ. ಹಟ ಮಾಡುವ ಮಗು ಯಾರು ನೋಡುತ್ತಿದ್ದಾರೆಂದು ಓರೆಗಣ್ಣಿನಲ್ಲಿ ಗಮನಿಸುತ್ತದೆ, ನೋವಿನಲ್ಲಿರುವ ಮಗುವಿಗೆ ಆ ವ್ಯವಧಾನ ಇರುವುದಿಲ್ಲ. ಬಿಗಿದರೆ ಸರಿಹೋಗುತ್ತಾನೆ ಎಂದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿ: “ಅವನಿಗೆ ಕಿವಿ ನೋಯುತ್ತಿದೆ.” ಆಟಿಸಂ ಎಂಬ ಪದ ಅರ್ಥವಾಗದವರಿಗೂ ಕಿವಿನೋವು ಅರ್ಥವಾಗುತ್ತದೆ.

ಹಾಗಾದರೆ ಕರೆದುಕೊಂಡು ಹೋಗಬೇಕೇ ಬೇಡವೇ? ಹೋಗಿ, ಆದರೆ ಅವನ ಲೆಕ್ಕದಲ್ಲಿ ಹೋಗಿ. ಹಿಂದಿನ ದಿನ ಸಾಧ್ಯವಾದರೆ ಖಾಲಿ ಮಂಟಪವನ್ನು ತೋರಿಸಿ ಬನ್ನಿ, ಏನೇನು ನಡೆಯುತ್ತದೆ ಎಂಬುದನ್ನು ನಾಲ್ಕು ಚಿತ್ರ ಬರೆದು ತಿಳಿಸಿ, ಸದ್ದು ತಗ್ಗಿಸುವ ಕಿವಿಗವಚ ಇಟ್ಟುಕೊಳ್ಳಿ, ಮುಹೂರ್ತದ ಹತ್ತು ನಿಮಿಷ ಯಾರಾದರೊಬ್ಬರು ಅವನೊಂದಿಗೆ ಹೊರಗೆ ಹೋಗುವುದೆಂದು ಮೊದಲೇ ನಿಶ್ಚಯಿಸಿ. ಆ ಒಬ್ಬರು ಪ್ರತಿ ಸಲವೂ ನೀವೇ ಆಗಬೇಕಿಲ್ಲ. ಅವನಿಗೆ ತಂದೆ ಇದ್ದಾರೆ, ಚಿಕ್ಕಪ್ಪಂದಿರೂ ಇರಬಹುದು.

ಒಂದು ಮದುವೆಯ ಊಟದ ಪಂಕ್ತಿ ನನಗೆ ಮರೆಯದು. ನನ್ನ ವಿದ್ಯಾರ್ಥಿನಿಯಾಗಿದ್ದ ಎಂಟು ವರ್ಷದ ಹುಡುಗಿಗೆ ಎಲೆಯ ಮೇಲೆ ಒಂದು ಪದಾರ್ಥ ಇನ್ನೊಂದಕ್ಕೆ ತಾಗಿದರೆ ಊಟವೇ ಮುಗಿದಂತೆ. ಬಡಿಸುವ ಹುಡುಗ ಓಡುತ್ತಾ ಬಂದವನು ಅನ್ನದ ಮೇಲೆ ಸಾರು ಸುರಿದ, ಅದು ಹಪ್ಪಳದತ್ತ ಹರಿಯಿತು, ಅವಳು ಚೀರಿದಳು. ಸಾಲಿನಲ್ಲಿದ್ದವರೆಲ್ಲ ಅವಳ ತಾಯಿಯ ಮುಖ ನೋಡಿದರು. ಆಗ ಒಳಗಿನಿಂದ ಬಂದ ವಯಸ್ಸಾದ ಅಡುಗೆಯವರೊಬ್ಬರು ಆ ಎಲೆ ತೆಗೆದು ಹೊಸ ಎಲೆ ಹಾಕಿ, ತಾಯಿಯನ್ನಲ್ಲ, ಹುಡುಗಿಯನ್ನೇ ಕೇಳಿದರು: “ಏನ್ ಹಾಕ್ಲಿ ಅವ್ವಾ?” ಅವಳು ಹಪ್ಪಳದ ಬುಟ್ಟಿಯತ್ತ ಬೆರಳು ತೋರಿಸಿದಳು. ಒಂದು ಮೂಲೆಗೆ ಮೂರು ಹಪ್ಪಳ, ಇನ್ನೊಂದು ಮೂಲೆಗೆ ಬರಿ ಅನ್ನ, ನಡುವೆ ಒಂದು ಗೇಣು ಖಾಲಿ ಎಲೆ. ಅವಳು ಪೂರ್ತಿ ಉಂಡಳು. ಆ ಅಡುಗೆಯವರು ಯಾವ ತರಬೇತಿಯನ್ನೂ ಪಡೆದವರಲ್ಲ.

ನಿಮ್ಮ ಅತ್ತೆಯವರಿಗೆ ನಾಚಿಕೆಗಿಂತ ಭಯವೇ ಹೆಚ್ಚಿರಬಹುದೆಂದು ನನ್ನ ಊಹೆ. ಮುಂದಿನ ಸಲ ಚಿಕಿತ್ಸಕರ ಬಳಿ ಹೋಗುವಾಗ ಅವರನ್ನೂ ಜೊತೆಗೆ ಕರೆದೊಯ್ಯಿರಿ. ಮೊಮ್ಮಗನ ಬಗ್ಗೆ ಸೊಸೆ ಹೇಳಿದ್ದನ್ನು ಒಪ್ಪದವರು ಡಾಕ್ಟರು ಹೇಳಿದ್ದನ್ನು ಒಪ್ಪುವುದುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಕುಟುಂಬದವರೊಂದಿಗೆ ಕನ್ನಡದಲ್ಲೇ ಕುಳಿತು ಮಾತನಾಡುವವರಿದ್ದಾರೆ.

ಪ್ರಶ್ನೆ: ನಾವು ಪಾಠ ಮಾಡುವ ಕಾಲಕ್ಕೆ ‘ಬುದ್ಧಿಮಾಂದ್ಯ’ ಎನ್ನುತ್ತಿದ್ದೆವು. ಈಗ ವಿಕಲಚೇತನ, ವಿಶೇಷ ಚೇತನ, ದಿವ್ಯಾಂಗ, ದೇವರ ಮಕ್ಕಳು, ನರವೈವಿಧ್ಯ ಎಂದೆಲ್ಲ ಕೇಳುತ್ತೇವೆ. ಹೆಸರು ಬದಲಿಸಿದರೆ ಹಣೆಬರಹ ಬದಲಾಗುತ್ತದೆಯೇ? (ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ಮಾಸ್ತರರೇ, ಹೆಸರಿನಿಂದಷ್ಟೇ ಬದಲಾಗುವುದಿಲ್ಲ ಎಂಬ ನಿಮ್ಮ ಅನುಮಾನ ಸರಿಯಾದದ್ದೇ. ಇಂಗ್ಲಿಷಿನ ಈಡಿಯಟ್, ಇಂಬೆಸೈಲ್, ಮೋರಾನ್ ಎಂಬ ಬೈಗುಳಗಳು ನೂರು ವರ್ಷದ ಹಿಂದೆ ವೈದ್ಯರು ಬುದ್ಧಿಯ ಮಟ್ಟವನ್ನು ಮೂರು ಪಾಲು ಮಾಡಲು ಬಳಸುತ್ತಿದ್ದ ಶಾಸ್ತ್ರೀಯ ಪದಗಳು. ನಮ್ಮ ದೇಶದ 1912ರ ಹುಚ್ಚರ ಕಾಯ್ದೆಯಲ್ಲಿಯೂ ‘ಈಡಿಯಟ್’ ಎಂಬುದು ಕಾನೂನಿನ ಪದವಾಗಿತ್ತು. ಪದ ಬೀದಿಗಿಳಿದು ಬೈಗುಳವಾದಾಗ ವೈದ್ಯರು ಹೊಸದನ್ನು ಹುಡುಕಿದರು, ಅದೂ ಬೀದಿಗಿಳಿಯಿತು. ‘ಬುದ್ಧಿಮಾಂದ್ಯ’ ಕೂಡ ಒಂದು ಕಾಲಕ್ಕೆ ಸಭ್ಯ ಪದವೇ ಆಗಿತ್ತು. ಶಾಲೆಯ ಮೈದಾನದಲ್ಲಿ ಅದು ಏನಾಯಿತೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದರೂ ಪದ ಬದಲಾದಾಗ ಅದರ ಹಿಂದೆ ಕೆಲವೊಮ್ಮೆ ತಿಳಿವಳಿಕೆಯೂ ಬದಲಾಗಿರುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವಿಕಲತೆಗಳಷ್ಟೇ ಇದ್ದವು, ಆಟಿಸಂನ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಬೌದ್ಧಿಕ ವಿಕಲತೆ, ಆಟಿಸಂ, ನಿರ್ದಿಷ್ಟ ಕಲಿಕಾ ತೊಂದರೆ ಎಂದು ಬೇರೆ ಬೇರೆಯಾಗಿ ಹೇಳಲಾಗಿದೆ. ನಮ್ಮ ಆಡುಮಾತು ಇವೆಲ್ಲವನ್ನೂ ‘ತಲೆ ಸರಿಯಿಲ್ಲ’ ಎಂಬ ಒಂದೇ ಚೀಲಕ್ಕೆ ತುಂಬುತ್ತದೆ, ಜೊತೆಗೆ ಮಾನಸಿಕ ಕಾಯಿಲೆಯನ್ನೂ ಸೇರಿಸುತ್ತದೆ. ಬೌದ್ಧಿಕ ವಿಕಲತೆ ಕಾಯಿಲೆಯಲ್ಲ, ಹರೆಯದಲ್ಲಿ ಏಕಾಏಕಿ ಬರುವಂಥದ್ದೂ ಅಲ್ಲ. ಬಾಲ್ಯದಲ್ಲಿಯೇ ಕಾಣಿಸಿಕೊಂಡು, ಕಲಿಯುವ ವೇಗದ ಮೇಲೂ ದಿನನಿತ್ಯದ ಕೆಲಸಗಳ ಮೇಲೂ ಪರಿಣಾಮ ಬೀರುವ ಸ್ಥಿತಿ. ಆಟಿಸಂ ಇರುವವರಲ್ಲಿ ಕೆಲವರಿಗೆ ಅದೂ ಇರುತ್ತದೆ, ಹಲವರಿಗೆ ಇರುವುದಿಲ್ಲ. ಓದು ಬರಹದ ತೊಂದರೆಯಾದ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅಕ್ಷರ ಕೈಕೊಡುತ್ತದೆ, ಬುದ್ಧಿಯಲ್ಲ.

ಬುದ್ಧಿಯನ್ನು ಅಳೆಯುವ ಕಥೆಯಲ್ಲಿ ಕನ್ನಡಕ್ಕೂ ಒಂದು ಪಾಲಿದೆ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ನಮ್ಮ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆದುಬಂತು. ಬಿನೆಯ ಉದ್ದೇಶ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಕಂಡುಕೊಳ್ಳುವುದಾಗಿತ್ತು. ಯಾವ ಮಗುವನ್ನು ಹೊರಗಿಡಬೇಕೆಂದು ತಿಳಿಯಲು ಅದೇ ಅಂಕಿಯನ್ನು ಬಳಸಿದ್ದು ನಂತರದ ಜಾಣತನ.

ನರವೈವಿಧ್ಯ ಎಂಬ ವಿಚಾರ 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅವರ ಬರವಣಿಗೆಯ ಮೂಲಕ ಪ್ರಚಾರಕ್ಕೆ ಬಂತು. ಮೆದುಳುಗಳೆಲ್ಲ ಒಂದೇ ಅಚ್ಚಿನವಲ್ಲ, ಬೇರೆ ಬಗೆಯ ಮೆದುಳನ್ನು ಕೆಟ್ಟುಹೋದ ಮೆದುಳೆಂದು ಕರೆಯಬೇಕಿಲ್ಲ ಎಂಬುದು ಅದರ ತಿರುಳು. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಗೆಣ್ಣಿಗೆ ಹೊಡೆದು ಬಲಗೈಗೆ ತಿರುಗಿಸುತ್ತಿದ್ದ ಕಾಲವನ್ನು ನೀವೂ ನಾನೂ ಕಂಡಿದ್ದೇವೆ. ಆಗ ತಪ್ಪು ಕೈಯಲ್ಲಿತ್ತೇ, ರೂಲರಿನಲ್ಲಿತ್ತೇ? ಹಾಗೆಂದು ಈ ವಿಚಾರವನ್ನು ನಾನು ಪೂರ್ತಿ ತಲೆಯ ಮೇಲೆ ಹೊತ್ತುಕೊಂಡಿಲ್ಲ. ಮೂವತ್ತು ವರ್ಷದ ಮಗನಿಗೆ ದಿನವೂ ಸ್ನಾನ ಮಾಡಿಸಿ, ತುತ್ತು ಮಾಡಿ ಉಣ್ಣಿಸುವ ತಾಯಿಗೆ ‘ಇದೂ ಒಂದು ವೈವಿಧ್ಯ’ ಎಂದು ಹೇಳಿ ಎದ್ದುಹೋಗುವುದು ಕ್ರೌರ್ಯ. ಅವಳಿಗೆ ಬೇಕಿರುವುದು ಕೈನೆರವು.

ನಾನೇನು ಬಳಸುತ್ತೇನೆ ಎಂದರೆ, ‘ಬೌದ್ಧಿಕ ವಿಕಲತೆ ಇರುವ ಹುಡುಗ’ ಎನ್ನುತ್ತೇನೆ. ಅದಕ್ಕಿಂತ ಮೊದಲು ಅವನ ಹೆಸರನ್ನು ಬಳಸುತ್ತೇನೆ. ‘ದೇವರ ಮಕ್ಕಳು’ ಎಂಬುದು ನನಗೆ ಸೇರುವುದಿಲ್ಲ. ದೇವರ ಮಗುವಿಗೆ ನಮಸ್ಕಾರ ಮಾಡಬಹುದು, ಬೆಂಚಿನಲ್ಲಿ ಜಾಗ ಕೊಡಬೇಕಾಗಿಲ್ಲ. ಕಾನೂನಿನ ಭಾಷೆಯೂ ಇನ್ನೂ ಒಂದು ಹದಕ್ಕೆ ಬಂದಿಲ್ಲ: 2016ರ ಕಾಯ್ದೆ ಕೈಬಿಟ್ಟ ‘ಮೆಂಟಲ್ ರಿಟಾರ್ಡೇಶನ್’ ಎಂಬ ಪದವನ್ನು ಅದರ ಮರುವರ್ಷವೇ ಬಂದ ಮಾನಸಿಕ ಆರೋಗ್ಯ ಕಾಯ್ದೆ ಮತ್ತೆ ಬಳಸಿತು. ಸಿನಿಮಾದ ನಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಕಲತೆಯನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ವಿಕಲತೆ ಇರುವವರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಒಂದು ಚಲನಚಿತ್ರದ ಪ್ರಕರಣದಲ್ಲಿ ಗೆರೆ ಎಳೆದು, ತೆರೆಯ ಮೇಲೆ ಇಂಥವರನ್ನು ಚಿತ್ರಿಸುವವರಿಗೆ ಮಾರ್ಗಸೂಚಿ ಕೊಟ್ಟಿದೆ. ತೊದಲುವವನನ್ನೂ ‘ಲೂಸು’ಗಳನ್ನೂ ನಂಬಿಕೊಂಡೇ ಹಾಸ್ಯದ ಟ್ರ್ಯಾಕ್ ಹೊಸೆಯುವ ನಮ್ಮ ಗಾಂಧಿನಗರ ಆ ತೀರ್ಪನ್ನು ಓದಿಕೊಂಡಂತೆ ಕಾಣುವುದಿಲ್ಲ.

ಪ್ರಶ್ನೆ: ಆಟಿಸಂ ಇರುವ ಮಕ್ಕಳಲ್ಲಿ ಅಸಾಮಾನ್ಯ ಪ್ರತಿಭೆ ಅಡಗಿರುತ್ತದೆಯಂತೆ, ನಿಜವೇ? (ಗೃಹಿಣಿ, ಬಾಗಲಕೋಟೆ)

ಉತ್ತರ: ಕೆಲವರಲ್ಲಿ ಇರುತ್ತದೆ, ಹೆಚ್ಚಿನವರಲ್ಲಿ ಇರುವುದಿಲ್ಲ, ಉಳಿದ ನಮ್ಮೆಲ್ಲರಂತೆ. ಪ್ರತಿಭೆ ಇದ್ದರೆ ಮಾತ್ರ ಮರ್ಯಾದೆ ಎಂಬ ಷರತ್ತನ್ನು ನಾವು ಬೇರೆ ಯಾವ ಮಗುವಿಗೂ ಹಾಕುವುದಿಲ್ಲ.

ಪ್ರಶ್ನೆ: ಮೂರನೇ ತರಗತಿಯಲ್ಲಿರುವ ನನ್ನ ಮಗಳ ಪಕ್ಕ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆಯನ್ನು ನಿಧಾನವಾಗಿಸುವ ಸ್ಥಿತಿ) ಇರುವ ಹುಡುಗನೊಬ್ಬ ಕೂರುತ್ತಾನೆ. ಟೀಚರ್ ಗಮನವೆಲ್ಲ ಅವನ ಮೇಲೆಯೇ ಇರುತ್ತದೆ, ಪಾಠ ಮುಂದೆ ಸಾಗುವುದಿಲ್ಲ ಎಂದು ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರುಗಳಿವೆ. ಅವನನ್ನು ವಿಶೇಷ ಶಾಲೆಗೆ ಕಳುಹಿಸಬೇಕೆಂದು ಮನವಿ ಪತ್ರ ಸಿದ್ಧವಾಗಿದೆ. ನನಗೆ ಆ ಮಗುವಿನ ಮೇಲೆ ಕೋಪವಿಲ್ಲ. ಆದರೆ ನನ್ನ ಮಗಳ ಓದೂ ಮುಖ್ಯವಲ್ಲವೇ? ಸಹಿ ಹಾಕಲೇ? (ಒಬ್ಬ ತಂದೆ, ಶಿವಮೊಗ್ಗ)

ಉತ್ತರ: ಇಷ್ಟು ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ, ಸಹಿ ಹಾಕಿ ಸುಮ್ಮನಾಗುವವರೇ ಹೆಚ್ಚು. ಸಹಿ ಹಾಕಬೇಡಿ. ಆದರೆ ನಿಮ್ಮ ದೂರು ಸುಳ್ಳೆಂದು ನಾನು ಹೇಳುವುದಿಲ್ಲ, ಅದರ ವಿಳಾಸ ತಪ್ಪಿದೆ ಎನ್ನುತ್ತೇನೆ. ನಲವತ್ತು ಮಕ್ಕಳ ನಡುವೆ ಒಬ್ಬರೇ ಶಿಕ್ಷಕಿಯನ್ನು ನಿಲ್ಲಿಸಿ, ಯಾವ ನೆರವನ್ನೂ ಕೊಡದೆ ‘ಎಲ್ಲರನ್ನೂ ಸೇರಿಸಿಕೊಳ್ಳಿ’ ಎಂದರೆ ಪಾಠ ಕುಂಟುವುದು ಸಹಜ. ಆ ಮಗು ಬರುವ ಮೊದಲೂ ಅಲ್ಲಿ ಕೊನೆಯ ಬೆಂಚಿನ ಐದಾರು ಮಕ್ಕಳು ಏನೂ ಅರ್ಥವಾಗದೆ ಕುಳಿತಿರುತ್ತಿದ್ದರು. ಅವರು ಸದ್ದು ಮಾಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಕಾಣಲಿಲ್ಲ.

ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ವಿಕಲತೆಯ ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ. ಆ ಆಯ್ಕೆ ಮಗುವಿನದು ಮತ್ತು ಅದರ ಮನೆಯವರದು, ವಾಟ್ಸ್ಆ್ಯಪ್ ಗುಂಪಿನದಲ್ಲ. ಹಾಗಾಗಿ ಮನವಿ ಪತ್ರವನ್ನು ಹರಿಯದೆ, ಅದರ ಒಕ್ಕಣೆಯನ್ನು ಬದಲಿಸಲು ಗುಂಪಿನವರಿಗೆ ಸೂಚಿಸಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿಯೇ ನೇಮಕವಾದ, ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಶಾಲೆಗೆ ಬರಲಿ, ತರಗತಿಯ ಶಿಕ್ಷಕಿಗೆ ದಾರಿ ತೋರಿಸಲಿ ಎಂದು ಕೇಳಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರು ಕಿವಿಗಿಂತ ಕಣ್ಣಿನಿಂದ ಚೆನ್ನಾಗಿ ಕಲಿಯುತ್ತಾರೆ. ಶಿಕ್ಷಕಿ ಬಾಯಲ್ಲಿ ಹೇಳುವುದನ್ನು ಚಿತ್ರಪಟದಲ್ಲಿ ತೋರಿಸಲು ತೊಡಗಿದರೆ, ಕೊನೆಯ ಬೆಂಚಿನ ಆ ಐದಾರು ಮಂದಿಯೂ ತಲೆ ಎತ್ತುತ್ತಾರೆ. ಇದು ನಾನು ಒಂದಲ್ಲ, ಹಲವು ತರಗತಿಗಳಲ್ಲಿ ಕಣ್ಣಾರೆ ಕಂಡ ವಿಚಾರ.

ಒಂದು ಕುತೂಹಲ: ಪಕ್ಕದಲ್ಲಿ ಕೂರುವ ನಿಮ್ಮ ಮಗಳು ಏನೆನ್ನುತ್ತಾಳೆ? ನಿಮ್ಮ ಪತ್ರದಲ್ಲಿ ಅವಳ ಮಾತು ಎಲ್ಲಿಯೂ ಇಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ, ಮಧ್ಯಮ ಪ್ರಮಾಣದ ಬೌದ್ಧಿಕ ವಿಕಲತೆ ಇದೆ. ಅಮ್ಮನಿಗೆ ವಯಸ್ಸಾಗುತ್ತಿದೆ. ಬಡವರ ಮನೆಯ ಹೆಣ್ಣೊಂದನ್ನು ತಂದರೆ ಅವನನ್ನು ನೋಡಿಕೊಳ್ಳುತ್ತಾಳೆ, ಮದುವೆಯಾದರೆ ಅವನೂ ಸುಧಾರಿಸುತ್ತಾನೆ ಎಂದು ಸೋದರಮಾವ ಪಟ್ಟು ಹಿಡಿದಿದ್ದಾರೆ. ಹೆಣ್ಣಿನ ಕಡೆಯವರಿಗೆ ‘ಸ್ವಲ್ಪ ಮುಗ್ಧ’ ಎಂದಷ್ಟೇ ಹೇಳುವ ಯೋಚನೆ ಇದೆ. (ಅಕ್ಕ, ಮಂಡ್ಯ)

ಉತ್ತರ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ನಗಲು ಬಳಸುತ್ತೇವೆ; ನಿಮ್ಮ ಮಾವನವರು ಅದರ ಎರಡನೆಯ ಅರ್ಧವನ್ನು ಚಿಕಿತ್ಸೆಯ ಚೀಟಿಯೆಂದು ಓದಿಕೊಂಡಿದ್ದಾರೆ. ಮದುವೆಯಿಂದ ಬೌದ್ಧಿಕ ವಿಕಲತೆ ಹೋಗುವುದಿಲ್ಲ. ‘ಸ್ವಲ್ಪ ಮುಗ್ಧ’ ಎಂದು ಹೇಳಿ ಹೆಣ್ಣು ತರುವುದು ಮೋಸ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಮುಖ್ಯ ಸಂಗತಿಯನ್ನು ಮರೆಮಾಚಿ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದುಪಡಿಸುವಂತೆ ಆ ಹೆಣ್ಣುಮಗಳು ನ್ಯಾಯಾಲಯವನ್ನು ಕೇಳಬಹುದು. ಬಡವರ ಮನೆಯ ಹೆಣ್ಣೇ ಏಕೆ ಬೇಕೆಂಬುದು ನಿಮಗೂ ತಿಳಿದಿದೆ: ಸಂಬಳವಿಲ್ಲದ ಆಯಾ ಒಬ್ಬಳು ಬೇಕಾಗಿದ್ದಾಳೆ.

ಬೌದ್ಧಿಕ ವಿಕಲತೆ ಇರುವವರು ಮದುವೆಯಾಗಲೇಬಾರದೆಂದು ಇದರ ಅರ್ಥವಲ್ಲ. ಮದುವೆಯೆಂದರೇನೆಂದು ತಿಳಿದು, ಇಬ್ಬರೂ ಪರಸ್ಪರ ಬಯಸಿ, ಎಲ್ಲವನ್ನೂ ಬಿಚ್ಚಿ ಹೇಳಿ, ಜೊತೆಗೆ ನಿಲ್ಲುವ ಬಂಧುಗಳಿದ್ದು ಸಂಸಾರ ಮಾಡಿಕೊಂಡಿರುವವರನ್ನು ನಾನು ಬಲ್ಲೆ. ನಿಮ್ಮ ತಮ್ಮನನ್ನು ಯಾರಾದರೂ ಕೇಳಿದ್ದಾರೆಯೇ? ಎಲ್ಲಿ ಇರಲು ಇಷ್ಟ, ಯಾರ ಜೊತೆಗೆ, ದಿನವಿಡೀ ಏನು ಮಾಡಲು ಇಷ್ಟ ಎಂದು ನಿಧಾನವಾಗಿ, ಒಂದೊಂದೇ ಪ್ರಶ್ನೆಯಾಗಿ ಕೇಳಿದರೆ ಅವನು ಖಂಡಿತ ಹೇಳುತ್ತಾನೆ.

ಮದುವೆಯ ಮಾತಿನ ಅಡಿಯಲ್ಲಿ ಅಡಗಿರುವ ನಿಜವಾದ ಪ್ರಶ್ನೆ ಅಮ್ಮನ ನಂತರ ಯಾರು ಎಂಬುದು. ಅದಕ್ಕೆ ಬೇರೆ ದಾರಿಗಳಿವೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯಲ್ಲಿ, 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅರ್ಜಿ ಹಾಕಬಹುದು. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ವಿಆರ್‌ಡಬ್ಲ್ಯೂ ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ, ಭೇಟಿಯಾಗಿ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಮಾಸಾಶನ ಆಗಿದೆಯೇ ಎಂದು ವಿಚಾರಿಸಿ. ಅದರ ಜೊತೆಜೊತೆಗೆ ಅನ್ನಕ್ಕೆ ಇಡುವುದು, ತನ್ನ ಬಟ್ಟೆ ಒಗೆದುಕೊಳ್ಳುವುದು, ಒಂದು ನಿಗದಿತ ಬಸ್ಸಿನಲ್ಲಿ ಹೋಗಿ ಬರುವುದನ್ನು ಅವನಿಗೆ ಈಗಲೇ ಕಲಿಸಲು ತೊಡಗಿ. 29 ತಡವಲ್ಲ. ನನ್ನ ಬಳಿ ಚಹಾ ಮಾಡಲು ಕಲಿತ ಒಬ್ಬರಿಗೆ 41 ವರ್ಷವಾಗಿತ್ತು. ಅವರಿಗೆ ಅದುವರೆಗೆ ಒಲೆಯ ಹತ್ತಿರ ಹೋಗಲು ಯಾರೂ ಬಿಟ್ಟಿರಲಿಲ್ಲ, ಅಷ್ಟೇ.

ಪ್ರಶ್ನೆ: ನನಗೆ 26 ವರ್ಷ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೇನೆ. ಕಳೆದ ವರ್ಷ ನನಗೆ ಆಟಿಸಂ ಇದೆಯೆಂದು ಗೊತ್ತಾಯಿತು, ನಿಜ ಹೇಳಬೇಕೆಂದರೆ ನಿರಾಳವಾಯಿತು. ಗೆಳೆಯರಿಗೆ ಹೇಳಿದರೆ “ನಿನ್ನನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ” ಎನ್ನುತ್ತಾರೆ. ಅಮ್ಮ “ಯಾರಿಗೂ ಹೇಳಬೇಡ, ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ” ಎನ್ನುತ್ತಾರೆ. ಆಫೀಸಿನಲ್ಲಿ ಹೇಳಬೇಕೇ? (ಬೆಂಗಳೂರು)

ಉತ್ತರ: ಆರಂಭದಲ್ಲಿ ನಾನು ಹೇಳಿದ ಆ ಒಂದೇ ಪತ್ರ ನಿಮ್ಮದು. ‘ಹಾಗೆ ಅನ್ನಿಸುವುದಿಲ್ಲ’ ಎನ್ನುವವರು ಹೊಗಳುತ್ತಿದ್ದೇವೆಂದು ಭಾವಿಸಿರುತ್ತಾರೆ. ಹಾಗೆ ಅನ್ನಿಸದಂತೆ ಇರಲು ನೀವು ದಿನವೂ ಎಷ್ಟು ದಣಿಯುತ್ತೀರಿ ಎಂಬುದು ಅವರಿಗೆ ಕಾಣುವುದಿಲ್ಲ. ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡುವುದನ್ನು, ನಗುವ ಜಾಗದಲ್ಲಿ ನಗುವುದನ್ನು ನೀವು ಪಾಠದಂತೆ ಕಲಿತಿರಬಹುದು. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆಯೇ ಉಸಿರು ಬಿಡುತ್ತಿರಬಹುದು. ಬಾಲ್ಯದಲ್ಲಿ ಪತ್ತೆಯಾಗದೆ ಬೆಳೆದ ಹಲವರು ಇದನ್ನೇ ಹೇಳುತ್ತಾರೆ.

ಹೇಳುವುದೂ ಬಿಡುವುದೂ ಪೂರ್ತಿಯಾಗಿ ನಿಮ್ಮ ಇಚ್ಛೆ. ಹೇಳಲೇಬೇಕೆಂಬ ಒತ್ತಾಯ ಕಾನೂನಿನಲ್ಲಿಲ್ಲ. ಖಾಸಗಿ ಕಂಪನಿಗಳೂ ಸೇರಿದಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯ್ದೆ ಹೇಳುತ್ತದೆ; ನಿಮ್ಮ ಕಂಪನಿಯ ನೀತಿಯನ್ನು ಮೊದಲು ಓದಿ. ಸರ್ಕಾರಿ ಹುದ್ದೆಗಳ ಶೇ 4ರ ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವಿಕಲತೆ ಇವೆಲ್ಲಕ್ಕೂ ಸೇರಿ ಶೇ 1ರಷ್ಟು ಇದೆ, ಆದರೆ ಅದಕ್ಕೆ ಶೇ 40ರ ಪ್ರಮಾಣಪತ್ರ ಬೇಕು. ನನ್ನ ಸಲಹೆ ಏನೆಂದರೆ, ಹೆಸರನ್ನು ಹೇಳುವ ಮುನ್ನ ಬೇಕಾದುದನ್ನು ಕೇಳಿ ನೋಡಿ. “ಸೂಚನೆಗಳನ್ನು ಬಾಯಲ್ಲಿ ಹೇಳುವುದರ ಜೊತೆಗೆ ಬರೆದು ಕಳುಹಿಸಿದರೆ ನನಗೆ ಕೆಲಸ ಸುಲಭ”, “ಮೂಲೆಯ ಮೇಜು ಸಿಕ್ಕರೆ ಒಳ್ಳೆಯದು” ಎಂದರೆ ಯಾವ ಮ್ಯಾನೇಜರೂ ಕಾರಣ ಕೇಳಿ ಪೀಡಿಸುವುದಿಲ್ಲ. ಅದಕ್ಕೆ ಅವರು ಹೇಗೆ ಸ್ಪಂದಿಸುತ್ತಾರೆ ಎಂಬುದರಿಂದಲೇ ಉಳಿದದ್ದನ್ನು ಹೇಳಬಹುದೇ ಎಂಬುದು ತಿಳಿಯುತ್ತದೆ.

ತಾಯಿಯವರ ಭಯ ಹುಸಿಯಲ್ಲ. ಸಂಬಂಧ ನೋಡಲು ಬಂದವರು ಹುಡುಗಿಯ ಅಣ್ಣನ ಬಗ್ಗೆ ವಿಚಾರಿಸುತ್ತಾರೆ, ‘ಮನೆತನದಲ್ಲಿ ಏನಾದರೂ ಇದೆಯೇ’ ಎಂದು ಓಣಿಯಲ್ಲೆಲ್ಲ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಪ್ರಮಾಣಪತ್ರ ಮಾಡಿಸದೆ ಬಿಡುವುದು ಈ ಒಂದೇ ಕಾರಣಕ್ಕೆ. ಆದರೆ ಮದುವೆಯಾಗುವವಳು ನಿಮ್ಮ ತಂಗಿ. ಅವಳ ಹೆಸರಿನಲ್ಲಿ ನೀವೂ ಅಮ್ಮನೂ ತೀರ್ಮಾನಿಸುವ ಮೊದಲು, ಅಣ್ಣನನ್ನು ಬಚ್ಚಿಟ್ಟು ಪಡೆಯುವ ಸಂಬಂಧ ಅವಳಿಗೆ ಬೇಕೇ ಎಂದು ಅವಳನ್ನೇ ಕೇಳಬೇಕಲ್ಲವೇ?

ಪ್ರಶ್ನೆ: ನಾನು ಬಸ್ ನಿಲ್ದಾಣದ ಹತ್ತಿರ ಟೀ ಅಂಗಡಿ ಇಟ್ಟಿದ್ದೇನೆ. ಬೌದ್ಧಿಕ ವಿಕಲತೆ ಇರುವ ಒಬ್ಬ ಯುವಕ ದಿನವೂ ಸಂಜೆ ಬರುತ್ತಾನೆ. ಕಾಲೇಜು ಹುಡುಗರು ಅವನನ್ನು ಕುಣಿಸಿ ಮೊಬೈಲಿನಲ್ಲಿ ಹಿಡಿಯುತ್ತಾರೆ. ಅವನೂ ನಗುತ್ತಾನೆ. ನಾನು ಟೀಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಪಾಪ ಎನ್ನಿಸುತ್ತದೆ. ಇದಕ್ಕಿಂತ ಹೆಚ್ಚು ಏನು ಮಾಡಬಹುದು? (ಅರಸೀಕೆರೆ)

ಉತ್ತರ: ಅವನು ನಗುವುದು ಖುಷಿಯಿಂದಲೇ ಎಂದು ತಿಳಿಯಬೇಡಿ, ಗುಂಪಿನಲ್ಲಿ ನಿಲ್ಲಲು ಸಿಗುವ ಜಾಗ ಅದೊಂದೇ ಆದಾಗ ಯಾರಾದರೂ ನಗುತ್ತಾರೆ. ಆ ಹುಡುಗರಿಗೆ ಕಾನೂನನ್ನು ತಿಳಿಸಿ. ವಿಕಲಚೇತನರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಕನಿಷ್ಠ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ, ದಂಡವೂ ಇದೆ. ಆ ವಿಡಿಯೋಗಳೇ ಸಾಕ್ಷಿಯಾಗುತ್ತವೆ ಎಂದೂ ಹೇಳಿ. ಅಂಗಡಿ ನಿಮ್ಮದು, ಇಲ್ಲಿ ಕುಣಿಸುವುದು ನಡೆಯುವುದಿಲ್ಲ ಎಂದು ನೀವು ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕಾಗಬಹುದು.

ಪತ್ರದಲ್ಲಿ ಅವನ ಹೆಸರಿಲ್ಲ. ನಾವು ಪ್ರಕಟಿಸುವುದಿಲ್ಲವೆಂದು ನೀವು ಬರೆಯದೇ ಇದ್ದಿರಬಹುದು. ಗೊತ್ತಿಲ್ಲದಿದ್ದರೆ ಇವತ್ತು ಸಂಜೆ ಕೇಳಿಕೊಳ್ಳಿ. ಸಕ್ಕರೆ ಎಷ್ಟು ಬೇಕೆಂದೂ ಕೇಳಿ, ಇಷ್ಟು ದಿನ ನೀವೇ ನಿರ್ಧರಿಸಿ ಹಾಕಿಕೊಟ್ಟಿರುತ್ತೀರಿ. ಮತ್ತು ದುಡ್ಡು ತೆಗೆದುಕೊಳ್ಳಿ. ಅವನ ಮನೆಯವರು ಜೇಬಿಗೆ ಹಾಕಿ ಕಳುಹಿಸಿರಬಹುದಾದ ನೋಟನ್ನು ಅವನು ಒಂದು ಸಲವಾದರೂ ಖರ್ಚು ಮಾಡಲಿ. ಚಿಲ್ಲರೆಯನ್ನು ಪಕ್ಕದವರ ಕೈಗಾಗಲಿ ಗಾಜಿನ ಡಬ್ಬಿಯ ಮೇಲಾಗಲಿ ಇಡದೆ, ಒಂದೊಂದೇ ನಾಣ್ಯ ಎಣಿಸಿ ಅವನ ಅಂಗೈಗೇ ಕೊಡಿ. ಮೊದಲ ವಾರ ನಿಮ್ಮ ಸಾಲಿನಲ್ಲಿ ನಿಂತವರಿಗೆ ಸ್ವಲ್ಪ ತಡವಾದೀತು.